ತುಕ್ಕಿನಲ್ಲಿ ಉಳಿದ ಸದ್ದು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಓದಿ ಈಗ ಜರ್ಮನಿಯ ಬರ್ಲಿನ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಕಾಫಿ ಕುಡಿದು, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ, “ಸಾರ್, ನಿಮಗೊಂದು ಹಾಡು ಕೇಳಿಸ್ತೀನಿ. ಬೈಬಾರದು” ಎಂದು ಅಂಗೈಯಗಲದ ಸ್ಪೀಕರ್ ಒಂದನ್ನು ಮೇಜಿನ ಮೇಲಿಟ್ಟ.

ಮೊದಲು ಯಾರೋ ಕಬ್ಬಿಣದ ತಗಡಿಗೆ ಸುತ್ತಿಗೆಯಿಂದ ಹೊಡೆದಂಥ ಸದ್ದು. ಆಮೇಲೆ ಗೋಡೆ ಕೊರೆಯುವ ಯಂತ್ರವೇ ಇರಬೇಕು ಎನ್ನಿಸುವ ಗರ್ಜನೆ. ನಡುನಡುವೆ ಒಬ್ಬ ಮನುಷ್ಯನ ಚೀತ್ಕಾರ. ಅಡುಗೆಮನೆಯಿಂದ ನಮ್ಮ ಮನೆಯವರು ಓಡಿ ಬಂದು, “ಏನ್ರೀ ಅದು, ಅಟ್ಟದ ಮೇಲಿನ ಪಾತ್ರೆ ಬಿತ್ತಾ?” ಎಂದರು.

ಹುಡುಗ ನಕ್ಕ. “ಇದು 1981ರ ರೆಕಾರ್ಡು ಸಾರ್. ಹಳೇ ಟೇಪಿನಿಂದ ಹೊಸದಾಗಿ ತಯಾರಿಸಿ ಮತ್ತೆ ಬಿಡುಗಡೆ ಮಾಡಿದ್ದಾರೆ.”

“ಇದರಲ್ಲಿ ಹೊಸದಾಗಿ ತಯಾರಿಸೋಕೆ ಏನಿದೆಯಪ್ಪ? ಎಲ್ಲಾ ಬರೀ ಗದ್ದಲ” ಎಂದುಬಿಟ್ಟೆ. ಹಾಗೆಂದ ಮರುಕ್ಷಣವೇ ಒಂದು ಪ್ರಶ್ನೆ ತಲೆಹೊಕ್ಕಿತು. ಹಳೆಯ ಧ್ವನಿಮುದ್ರಣವನ್ನು ಮರುಬಿಡುಗಡೆ ಮಾಡುವವರು ಸಾಮಾನ್ಯವಾಗಿ ಅದರಲ್ಲಿರುವ ಗದ್ದಲವನ್ನು ತೆಗೆದು ಸಂಗೀತವನ್ನು ಉಳಿಸುತ್ತಾರೆ. ಗದ್ದಲವೇ ಸಂಗೀತವಾಗಿದ್ದರೆ ತೆಗೆಯುವುದು ಏನನ್ನು, ಉಳಿಸುವುದು ಏನನ್ನು? ಮೂವತ್ತು ವರ್ಷ ಮಕ್ಕಳಿಗೆ ‘ಶಬ್ದ’ ಎಂಬ ಅಧ್ಯಾಯ ಕಲಿಸಿದ ನನಗೆ ಈ ಪ್ರಶ್ನೆ ಸುಮ್ಮನೆ ಕೂರಲು ಬಿಡಲಿಲ್ಲ. ಅದಕ್ಕೆ ನನ್ನದೇ ಒಂದು ಕಾರಣವೂ ಇತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕುಸಿಯುವ ಹೊಸ ಕಟ್ಟಡಗಳು

ಆ ವಾದ್ಯತಂಡದ ಹೆಸರು ‘ಐನ್‌ಷ್ಟುರ್ಟ್ಸೆಂಡೆ ನೊಯ್‌ಬೌಟೆನ್’. ಬಾಯಿ ತಿರುಗಿಸುವುದು ಕಷ್ಟ, ಅರ್ಥ ಮಾತ್ರ ಸರಳ: ‘ಕುಸಿಯುತ್ತಿರುವ ಹೊಸ ಕಟ್ಟಡಗಳು’. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಗೆ ತುತ್ತಾದ ಬರ್ಲಿನ್ನಿನಲ್ಲಿ 1945ರ ನಂತರ ಎದ್ದ ಕಟ್ಟಡಗಳನ್ನು ಅಲ್ಲಿನವರು ‘ನೊಯ್‌ಬೌಟೆನ್’, ಅಂದರೆ ಹೊಸ ಕಟ್ಟಡಗಳು ಎಂದು ಕರೆಯುತ್ತಾರೆ. ತಂಡ ಮೊದಲ ಸಲ ವೇದಿಕೆ ಏರಿದ್ದು 1980ರ ಏಪ್ರಿಲ್ 1ರಂದು, ಪಶ್ಚಿಮ ಬರ್ಲಿನ್ನಿನ ‘ಮೂನ್’ ಎಂಬ ಕ್ಲಬ್ಬಿನಲ್ಲಿ. ಮುಂದಾಳು ಬ್ಲಿಕ್ಸಾ ಬಾರ್‌ಗೆಲ್ಡ್‌ಗೆ ಆಗ 21 ವರ್ಷ. ಜೊತೆಗೆ ಎನ್. ಯು. ಉನ್‌ರು, ಗುದ್ರುನ್ ಗೂಟ್ ಮತ್ತು ಬೆಯಾಟೆ ಬಾರ್ಟೆಲ್. ಈ ಇಬ್ಬರು ಮಹಿಳೆಯರು ಬೇಗನೆ ತಂಡ ಬಿಟ್ಟು ಬೇರೆ ತಂಡಗಳಿಗೆ ಹೋದರು.

ಕಾಕತಾಳೀಯ ನೋಡಿ. ಈ ಹೆಸರಿಟ್ಟುಕೊಂಡು ಎರಡು ತಿಂಗಳೂ ಆಗಿರಲಿಲ್ಲ. 1980ರ ಮೇ 21ರಂದು ಅದೇ ನಗರದ ಕಾಂಗ್ರೆಸ್ ಹಾಲ್ ಎಂಬ ಸಭಾಭವನದ ಛಾವಣಿಯ ಒಂದು ಭಾಗ ನಿಜವಾಗಿಯೇ ಕುಸಿದು ಒಬ್ಬರು ಸತ್ತು, ಹಲವರು ಗಾಯಗೊಂಡರು. ಅಮೆರಿಕದ ಕೊಡುಗೆಯಾಗಿ 1957ರಲ್ಲಿ ಕಟ್ಟಿದ, ಚಿಪ್ಪಿನಂತೆ ಬಾಗಿದ ಅಂದದ ಛಾವಣಿ ಅದು. ಬಿದ್ದದ್ದಕ್ಕೆ ಒಂದು ಮುಖ್ಯ ಕಾರಣ, ಕಾಂಕ್ರೀಟಿನೊಳಗೆ ಛಾವಣಿಯನ್ನು ಬಿಗಿದು ಹಿಡಿದಿದ್ದ ಉಕ್ಕಿನ ಸರಿಗೆಗಳಿಗೆ ತೇವ ತಗುಲಿ ತುಕ್ಕು ಹಿಡಿದದ್ದು. ಭವನವನ್ನು ಮತ್ತೆ ಕಟ್ಟಿ 1987ರಲ್ಲಿ ತೆರೆದರು.

ತುಕ್ಕು ಎಂಬ ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ನಮ್ಮ ಕಥೆಯಲ್ಲಿ ಅದು ಇನ್ನೂ ಎರಡು ಸಲ ಬರಲಿದೆ.

ಗುಜರಿಯೇ ವಾದ್ಯ

ಆಗಿನ ಪಶ್ಚಿಮ ಬರ್ಲಿನ್ ಒಂದು ವಿಚಿತ್ರ ನಗರ. 1961ರಿಂದ 1989ರವರೆಗೆ ಸುತ್ತಲೂ ಗೋಡೆ. ಗೋಡೆಯಾಚೆ ಪೂರ್ವ ಜರ್ಮನಿ. ಪಶ್ಚಿಮ ಜರ್ಮನಿಯ ತರುಣರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು, ಪಶ್ಚಿಮ ಬರ್ಲಿನ್ನಿನ ನಿವಾಸಿಗಳಿಗೆ ಇರಲಿಲ್ಲ. ಹಾಗಾಗಿ ಕೈಯಲ್ಲಿ ಕಾಸಿಲ್ಲದ, ತಲೆಯಲ್ಲಿ ನೂರು ಯೋಚನೆಗಳಿದ್ದ ಹುಡುಗರು ಅಲ್ಲಿಗೆ ಬಂದು ಸೇರುತ್ತಿದ್ದರು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಹುಟ್ಟಿದ ‘ಪಂಕ್’ ಸಂಗೀತ ಇವರಿಗೆ ಧೈರ್ಯ ಕೊಟ್ಟಿತು. ಮೂರು ಸ್ವರ ಬಂದರೆ ಸಾಕು, ತಂಡ ಕಟ್ಟಬಹುದು ಎಂಬುದು ಪಂಕ್‌ನ ಧೋರಣೆ. ರಾಕ್ ಸಂಗೀತವೆಂದರೆ ಇಂಗ್ಲಿಷಿನಲ್ಲೇ ಹಾಡಬೇಕು ಎಂದುಕೊಂಡಿದ್ದ ಜರ್ಮನ್ ಹುಡುಗರು ಅನೇಕರು ಈ ಹೊತ್ತಿಗೆ ತಮ್ಮ ಮನೆಮಾತಿನಲ್ಲೇ ಹಾಡತೊಡಗಿದರು. ಬಾರ್‌ಗೆಲ್ಡ್ ಕೂಡ ಜರ್ಮನ್ ಭಾಷೆಯಲ್ಲೇ ಹಾಡಿದ.

ಇವರು ಪಂಕ್‌ಗಿಂತ ಒಂದು ಹೆಜ್ಜೆ ಮುಂದೆ ಹೋದರು. ಹಣದ ಅಡಚಣೆಯಿಂದ ಉನ್‌ರು ತನ್ನ ಡ್ರಮ್ಮುಗಳನ್ನು ಮಾರಿಕೊಂಡ. ಬಾರಿಸಲು ಏನೂ ಇಲ್ಲದಾಗ ಕಟ್ಟಡ ಕೆಲಸದ ಜಾಗಗಳಲ್ಲಿ, ಗುಜರಿಯಲ್ಲಿ ಸಿಕ್ಕಿದ ತಗಡು, ಕೊಳವೆ, ಸ್ಪ್ರಿಂಗು, ಉಕ್ಕಿನ ತುಂಡುಗಳನ್ನೇ ವಾದ್ಯ ಮಾಡಿಕೊಂಡ. ಇಲ್ಲಿ ನಮ್ಮ ತುಕ್ಕು ಎರಡನೆಯ ಸಲ ಬಂತು. 1980ರ ಜೂನ್‌ನಲ್ಲಿ ಬಾರ್‌ಗೆಲ್ಡ್ ಮತ್ತು ಉನ್‌ರು ಹೆದ್ದಾರಿ ಸೇತುವೆಯೊಂದರ ಒಳಗಿನ ಟೊಳ್ಳು ಜಾಗಕ್ಕೆ ನುಗ್ಗಿ ಅಲ್ಲಿಯೇ ನುಡಿಸಿ ಧ್ವನಿಮುದ್ರಿಸಿಕೊಂಡರು. ಗಟ್ಟಿ ಕಾಂಕ್ರೀಟು ಸದ್ದನ್ನು ಹೀರಿಕೊಳ್ಳುವುದು ಬಹಳ ಕಡಿಮೆ. ಅದು ಗೋಡೆಯಿಂದ ಗೋಡೆಗೆ ಬಡಿದು ಹಿಂತಿರುಗುತ್ತ ಹೊತ್ತು ಕಳೆದು ಅಡಗುತ್ತದೆ. ಬಚ್ಚಲುಮನೆಯಲ್ಲಿ ಹಾಡಿದರೆ ನಮ್ಮ ದನಿ ನಮಗೇ ದೊಡ್ಡ ಗವಾಯಿಯದಂತೆ ಕೇಳುವುದೂ ಇದೇ ಕಾರಣಕ್ಕೆ. ಸೇತುವೆಯ ಈ ಧ್ವನಿಮುದ್ರಣ ‘ಷ್ಟಾಲ್‌ಮುಸೀಕ್’, ಅಂದರೆ ‘ಉಕ್ಕಿನ ಸಂಗೀತ’ ಎಂಬ ಹೆಸರಿನಲ್ಲಿ ಕ್ಯಾಸೆಟ್ಟಾಗಿ ಹೊರಬಂತು.

ಮರುವರ್ಷ, 1981ರಲ್ಲಿ, ಹ್ಯಾಂಬರ್ಗ್‌ನ ಒಂದು ಸಣ್ಣ ಕಂಪನಿ ಇವರ ಮೊದಲ ದೊಡ್ಡ ಧ್ವನಿಮುದ್ರಿಕೆ ‘ಕೊಲ್ಲಾಪ್ಸ್’ ಅನ್ನು ಹೊರತಂದಿತು. ಅಷ್ಟರಲ್ಲಿ ಎಫ್. ಎಂ. ಐನ್‌ಹೈಟ್ ಎಂಬ ತಾಳವಾದ್ಯಗಾರ ಸೇರಿಕೊಂಡಿದ್ದ. ಅದರ ಹೊದಿಕೆಯ ಚಿತ್ರದಲ್ಲಿ ಒಂದು ತಮಾಷೆಯಿದೆ. ಪಿಂಕ್ ಫ್ಲಾಯ್ಡ್ ಎಂಬ ಸಿರಿವಂತ ಇಂಗ್ಲಿಷ್ ತಂಡ 1969ರಲ್ಲಿ ತನ್ನ ವಾದ್ಯ ಸಲಕರಣೆಗಳನ್ನೆಲ್ಲ ವಿಮಾನದ ಓಡುದಾರಿಯ ಮೇಲೆ ಹರಡಿ ಚಿತ್ರ ತೆಗೆಸಿತ್ತು. ಇವರು ತಮ್ಮ ಗುಜರಿ ಸಾಮಾನನ್ನು ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದ ಮುಂದೆ ಅದೇ ಠೀವಿಯಿಂದ ಹರಡಿ ನಿಂತರು!

ತಗಡು ಏಕೆ ತಂತಿಯಂತೆ ನುಡಿಯದು?

ಈಗ ಸ್ವಲ್ಪ ಭೌತಶಾಸ್ತ್ರ. ಬಿಗಿದ ತಂತಿಯೊಂದು ಸೆಕೆಂಡಿಗೆ 200 ಸಲ ಕಂಪಿಸುತ್ತದೆ ಎನ್ನಿ. ಅದರ ಜೊತೆಗೇ 400, 600, 800ರ ಉಪಸ್ವರಗಳೂ ಹೊಮ್ಮುತ್ತವೆ. ಇವೆಲ್ಲ ಮೂಲದ ಪೂರ್ಣಾಂಕ ಗುಣಕಗಳು. ಆದ್ದರಿಂದ ಕಿವಿ ಇವನ್ನು ಒಂದೇ ಸ್ವರವೆಂದು ಒಪ್ಪಿಕೊಳ್ಳುತ್ತದೆ. ಎರಡೂ ತುದಿ ಬಿಡುವಾಗಿರುವ ಉಕ್ಕಿನ ಸರಳಿಗೆ ಹೊಡೆದರೆ ಹಾಗಾಗುವುದಿಲ್ಲ. ಮೂಲ 200 ಆದರೆ ಮುಂದಿನವು ಸುಮಾರು 550, ನಂತರ ಸುಮಾರು 1080. ಲೆಕ್ಕ ಕೂಡದ ಈ ಸಂಖ್ಯೆಗಳಿಂದಲೇ ‘ಠಣ್’ ಎಂಬ ಆ ಲೋಹದ ಗುಣ ಬರುವುದು. ಇನ್ನು ಕೊರೆಯುವ ಯಂತ್ರದ ಗರ್ಜನೆಯಲ್ಲಂತೂ ತಗ್ಗಿನಿಂದ ಎತ್ತರದವರೆಗೆ ಬಹುಪಾಲು ಎಲ್ಲ ಆವೃತ್ತಿಗಳೂ ಕಲಸಿಕೊಂಡಿರುತ್ತವೆ.

ಸರ್ ಸಿ. ವಿ. ರಾಮನ್ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದ್ದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಬರಿಯ ಚರ್ಮದ ಹೊದಿಕೆಯ ಉಪಸ್ವರಗಳೂ ಲೆಕ್ಕಕ್ಕೆ ಕೂಡುವುದಿಲ್ಲ. ಆದರೆ ಮೃದಂಗ, ತಬಲಗಳ ನಡುವೆ ಬಳಿಯುವ ಕಪ್ಪು ಲೇಪದ ಭಾರದಿಂದ ಆ ಉಪಸ್ವರಗಳು ಪೂರ್ಣಾಂಕಗಳ ಸಾಲಿಗೆ ಬಂದು ನಿಲ್ಲುತ್ತವೆ ಎಂದು ಅವರು 1920ರಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲೂ ವಿವರಿಸಿದರು. ನಮ್ಮ ವಾದ್ಯಗಾರರು ಶತಮಾನಗಳ ಕಾಲ ಪಳಗಿಸಿ ಗದ್ದಲದಿಂದ ನಾದ ತೆಗೆದರು. ಬರ್ಲಿನ್ನಿನ ಈ ಹುಡುಗರು ಪಳಗಿಸದ ಸದ್ದನ್ನೇ ತಂದು ವೇದಿಕೆಯ ಮೇಲಿಟ್ಟರು. ಇಷ್ಟವಾಗುವುದು ಬಿಡುವುದು ಅವರವರ ಕಿವಿಗೆ ಬಿಟ್ಟದ್ದು. ನನಗಂತೂ ಮೂರನೆಯ ಸಲ ಕೇಳಿದಾಗ ಆ ಹೊಡೆತಗಳ ಹಿಂದೆ ಒಂದು ಕಟ್ಟುನಿಟ್ಟಾದ ಲಯವಿರುವುದು ತಿಳಿಯಿತು.

ತುಕ್ಕಿನ ಮೇಲೆ ಬರೆದ ಬರಹ

ಸದ್ದು ಹುಟ್ಟಿದ ಕ್ಷಣವೇ ಸಾಯುತ್ತದೆ. ಅದನ್ನು ಹಿಡಿದಿಡುವ ಕಾಂತೀಯ ಟೇಪಿಗೆ ಪೇಟೆಂಟ್ ಪಡೆದವನು ಜರ್ಮನಿಯ ಡ್ರೆಸ್ಡೆನ್ ನಗರದ ಫ್ರಿಟ್ಜ್ ಫ್ಲೋಯ್‌ಮರ್, 1928ರಲ್ಲಿ. ಆ ಟೇಪಿನ ಯಂತ್ರ ‘ಮ್ಯಾಗ್ನೆಟೋಫೋನ್’ ಜನರ ಮುಂದೆ ಬಂದದ್ದು 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ. ನಾವೆಲ್ಲ ಬಳಸಿದ ಪುಟ್ಟ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಮೊದಲು ತೋರಿಸಿದ್ದೂ ಬರ್ಲಿನ್ನಿನ ಅದೇ ಪ್ರದರ್ಶನದಲ್ಲಿ.

ಟೇಪ್ ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಅಂಟಿನೊಂದಿಗೆ ಬಳಿದಿರುವ ಕಂದು ಪುಡಿ ಸಾಮಾನ್ಯವಾಗಿ ಫೆರಿಕ್ ಆಕ್ಸೈಡ್. ತುಕ್ಕಿನ ಹತ್ತಿರದ ದಾಯಾದಿ! ಹರಳಿನ ರಚನೆ ಬೇರೆಯಾದ್ದರಿಂದ ಇದಕ್ಕೆ ಕಾಂತತ್ವ ಹಿಡಿದಿಟ್ಟುಕೊಳ್ಳುವ ಶಕ್ತಿಯಿದೆ, ಕಿಟಕಿಯ ಸರಳಿನ ತುಕ್ಕಿಗೆ ಅದಿಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಅರ್ಧ ಗಂಟೆಗೆ ಎಷ್ಟು ಉದ್ದವಾಯಿತು? ಮಕ್ಕಳು ಲೆಕ್ಕ ಹಾಕಲಿ, ಸುಮಾರು 86 ಮೀಟರ್ ಬರಬೇಕು. ಹೀಗೆ ತುಕ್ಕು ಹಿಡಿದ ಉಕ್ಕಿನ ಸದ್ದು ತುಕ್ಕಿನ ದಾಯಾದಿಯ ಮೇಲೆಯೇ ಬರಹವಾಗಿ ಉಳಿಯಿತು.

ಆದರೆ ಈ ಬರಹ ಶಾಶ್ವತವಲ್ಲ. ಪುಡಿಯನ್ನು ಹಿಡಿದಿರುವ ಅಂಟು ಗಾಳಿಯ ತೇವ ಹೀರಿ ಕ್ರಮೇಣ ವಿಘಟನೆಯಾಗುತ್ತದೆ. 1970-80ರ ದಶಕಗಳ ಸ್ಟುಡಿಯೋ ಟೇಪುಗಳಲ್ಲಿ ಕೆಲವು ಬಗೆಯವು ಹೀಗೆ ಜಿಗುಟಾಗಿ, ಯಂತ್ರಕ್ಕೆ ಹಾಕಿದರೆ ಪುಡಿಯೇ ಉದುರತೊಡಗುತ್ತದೆ. ಅಂಥ ಟೇಪನ್ನು ಪರಿಣತರು ಸುಮಾರು 50-55 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖದಲ್ಲಿ ಹಲವು ಗಂಟೆ ಇಟ್ಟು ತೇವ ಹೊರಡಿಸುತ್ತಾರೆ. ಆಮೇಲೆ ಸ್ವಲ್ಪ ಕಾಲ ಮಾತ್ರ ಅದು ಮೊದಲಿನಂತೆ ಓಡುತ್ತದೆ. ಆ ಅವಧಿಯಲ್ಲೇ ನಕಲು ಮಾಡಿಕೊಳ್ಳಬೇಕು. ಸುರುಳಿಯಲ್ಲಿ ಒಂದರ ಮೇಲೊಂದು ಕುಳಿತ ಪದರಗಳ ಕಾಂತತ್ವ ಪಕ್ಕದ ಪದರಕ್ಕೂ ಅಂಟಿ, ಹಾಡು ಆರಂಭವಾಗುವ ಮೊದಲೇ ಅದರ ಮೆಲುದನಿ ಕೇಳಿಸುವುದೂ ಉಂಟು. ನಕಲಿನ ನಕಲು ಮಾಡಿದಷ್ಟೂ ‘ಸ್ಸ್’ ಎಂಬ ಸದ್ದು ಹೆಚ್ಚುತ್ತ ಹೋಗುತ್ತದೆ. ಆದ್ದರಿಂದ ಮರುಬಿಡುಗಡೆಯ ಮೊದಲ ಕೆಲಸ, ಮೂಲಕ್ಕೆ ಅತಿ ಹತ್ತಿರದ ಟೇಪು ಯಾವುದೆಂದು ಪತ್ತೆಹಚ್ಚುವುದು.

ಪೊರಕೆ ಹಿಡಿದವರ ಕಷ್ಟ

ನಂತರದ ಕೆಲಸ ಶುದ್ಧೀಕರಣ. ಅಲೆಯನ್ನು ಸಂಖ್ಯೆಗಳಾಗಿ ಬದಲಿಸುತ್ತಾರೆ, ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರ ಅಳೆದು ಬರೆದಿರುತ್ತದೆ. ಸದ್ದು ಅಳಿಸುವ ಕಂಪ್ಯೂಟರ್ ವಿಧಾನಗಳಲ್ಲಿ ಬಹಳ ಬಳಕೆಯಲ್ಲಿರುವುದು ಹೀಗೆ: ಯಾರೂ ಹಾಡದ, ನುಡಿಸದ ಒಂದೆರಡು ಸೆಕೆಂಡಿನ ತುಣುಕನ್ನು ತೋರಿಸಿ “ಇದು ಕಸ” ಎಂದು ಕಂಪ್ಯೂಟರಿಗೆ ಹೇಳುವುದು. ಅದು ಆ ಕಸದ ಆವೃತ್ತಿಗಳನ್ನು ಗುರುತಿಸಿಕೊಂಡು ಇಡೀ ಧ್ವನಿಮುದ್ರಣದಿಂದ ಕಳೆಯುತ್ತದೆ. ಕಳೆಯುವ ಲೆಕ್ಕವಷ್ಟೇ. ವೀಣೆಯ ಸ್ವರಗಳು ಕೆಲವೇ ಆವೃತ್ತಿಗಳಲ್ಲಿ ಕಂಬ ನಿಂತಂತೆ ನಿಂತಿರುವುದರಿಂದ ಅದರ ಸುತ್ತಲಿನ ಕಸ ಗುಡಿಸುವುದು ಸುಲಭ. ಕೊರೆಯುವ ಯಂತ್ರದ ಗರ್ಜನೆ ಮತ್ತು ಟೇಪಿನ ‘ಸ್ಸ್’ ಮಾತ್ರ ಒಂದೇ ಅಂಗಳದಲ್ಲಿ ಹರಡಿರುತ್ತವೆ. ಒಂದನ್ನು ಗುಡಿಸಿದರೆ ಇನ್ನೊಂದೂ ಪೊರಕೆಗೆ ಸಿಗುತ್ತದೆ. ಯಾವುದು ಟೇಪಿನ ಗದ್ದಲ, ಯಾವುದು ತಗಡಿನ ಗದ್ದಲ ಎಂದು ಯಂತ್ರಕ್ಕೆ ತಿಳಿಯದು. ಅಲ್ಲಿ ಏನಿತ್ತು ಎಂದು ಬಲ್ಲ ಮನುಷ್ಯನೇ ಹೇಳಬೇಕು.

ಈ ತಂಡ ತನ್ನ ಆರಂಭದ ಧ್ವನಿಮುದ್ರಣಗಳನ್ನು ಬಹಳ ಹಿಂದಿನಿಂದಲೇ ಜೋಪಾನ ಮಾಡುತ್ತ ಬಂದಿದೆ. 1980ರಿಂದ 83ರವರೆಗಿನ ಚದುರಿದ ತುಣುಕುಗಳನ್ನು ‘ವಾಸ್ತುಶಿಲ್ಪದ ವಿರುದ್ಧ ತಂತ್ರಗಳು’ ಎಂಬರ್ಥದ ಸಂಕಲನವಾಗಿ ಲಂಡನ್ನಿನ ಮ್ಯೂಟ್ ಕಂಪನಿ ಹೊರತಂದಿತು. ಅದೇ ಹೆಸರಿನಲ್ಲಿ ಮುಂದೆ 1991, 2001 ಮತ್ತು 2010ರಲ್ಲಿ ಇನ್ನೂ ಮೂರು ಸಂಪುಟಗಳು ಬಂದವು. 2000ರ ದಶಕದ ಮೊದಲ ವರ್ಷಗಳಲ್ಲಿ ‘ಕೊಲ್ಲಾಪ್ಸ್’ ತಂಡದ ಸ್ವಂತ ಸಂಸ್ಥೆ ಪೋಟೊಮಾಕ್‌ನಿಂದ ಮರುಬಿಡುಗಡೆಯಾಯಿತು. ಅದರೊಡನೆ 1982ರ ಒಂದು ಕ್ಯಾಸೆಟ್ಟಿನಲ್ಲಿದ್ದ ಧ್ವನಿಮುದ್ರಣಗಳೂ ಸೇರಿದವು. ನುಡಿಸಿದವರ ಕೈಯಲ್ಲೇ ಹಕ್ಕು ಮತ್ತು ಟೇಪು ಇರುವುದರಿಂದ ಒಂದು ಲಾಭವಿದೆ. “ಇದು ಕಸ, ಇದು ಕಸವಲ್ಲ” ಎಂದು ಹೇಳಬಲ್ಲವರೇ ಪೊರಕೆ ಹಿಡಿದವರ ಪಕ್ಕದಲ್ಲಿ ನಿಂತಿರುತ್ತಾರೆ.

ತಂದೆತಾಯಂದಿರು ಗಾಬರಿಯಾಗಬೇಕಿಲ್ಲ, ಮಕ್ಕಳೆಲ್ಲ ಸುತ್ತಿಗೆ ಹಿಡಿಯಲಿ ಎಂದು ನಾನು ಹೇಳುತ್ತಿಲ್ಲ. 1984ರ ಜನವರಿ 3ರಂದು ಲಂಡನ್ನಿನ ಸಮಕಾಲೀನ ಕಲಾ ಸಂಸ್ಥೆಯಲ್ಲಿ ಈ ತಂಡದವರೂ ಅವರ ಗೆಳೆಯರೂ ಯಂತ್ರಗಳಿಂದ ವೇದಿಕೆಯನ್ನೇ ಕೊರೆಯತೊಡಗಿ, ಸಂಸ್ಥೆಯವರು ಕಾರ್ಯಕ್ರಮವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮೆಚ್ಚತಕ್ಕ ಕೆಲಸವೇನಲ್ಲ. ಕಿವಿಯ ವಿಷಯದಲ್ಲೂ ಎಚ್ಚರ ಬೇಕು. 85 ಡೆಸಿಬೆಲ್ ಮೀರಿದ ಸದ್ದನ್ನು ಗಂಟೆಗಟ್ಟಲೆ ಕೇಳಿದರೆ ಒಳಕಿವಿಯ ರೋಮಕೋಶಗಳು ಸಾಯುತ್ತವೆ, ಅವು ಮತ್ತೆ ಬೆಳೆಯುವುದಿಲ್ಲ. ಆದರೆ ಡ್ರಮ್ ಮಾರಿಹೋಯಿತೆಂದು ಕೈಕಟ್ಟಿ ಕೂರದೆ ಬೀದಿಯ ತಗಡಿನಲ್ಲಿ ವಾದ್ಯ ಕಂಡ ಆ ಹುಡುಗನ ಕಿವಿ ಕಲಿಯತಕ್ಕದ್ದು. ಆ ತಂಡ 2024ರಲ್ಲೂ ಹೊಸ ಧ್ವನಿಮುದ್ರಿಕೆ ತಂದಿದೆ.

ಕಲ್ಲೆಲ್ಲಿ ಹೋಯ್ತು?

ಈಗ ನನ್ನ ಕಾರಣ.

1988ರಲ್ಲಿ ನಾನು ಬಿ.ಎಸ್‌ಸಿ. ಓದುತ್ತಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಗೆಳೆಯನಿಂದ ಟೇಪ್ ರೆಕಾರ್ಡರ್ ಎರವಲು ಒಯ್ದಿದ್ದೆ. ಊರಿಗೆ ಗಿರಣಿ ಬಂದು ಬಹಳ ಕಾಲವಾಗಿತ್ತು. ಆದರೂ ನನ್ನ ಒತ್ತಾಯಕ್ಕೆ ಅಮ್ಮ ಮೂಲೆಯಲ್ಲಿದ್ದ ರಾಗಿಕಲ್ಲನ್ನು ಒರೆಸಿ, ಎರಡು ಸೇರು ರಾಗಿ ಹಾಕಿಕೊಂಡು ಬೀಸುತ್ತ ಪದ ಹೇಳಿದರು. ನಲವತ್ತು ನಿಮಿಷ. ಅದಾದ ಆರು ವರ್ಷಕ್ಕೆ ಅಮ್ಮ ತೀರಿಕೊಂಡರು.

ಬಹಳ ವರ್ಷಗಳ ನಂತರ ಆ ಕ್ಯಾಸೆಟ್ಟನ್ನು ಸಿ.ಡಿ. ಮಾಡಿಸಲು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ವಾರದ ಬಳಿಕ ಹೋದಾಗ ಅಂಗಡಿಯ ಹುಡುಗ ಹೆಮ್ಮೆಯಿಂದ, “ಹಿಂದೆ ಗುರ್ ಅಂತ ಬರ್ತಿದ್ದ ಸೌಂಡೆಲ್ಲ ತೆಗೆದುಬಿಟ್ಟಿದ್ದೀನಿ ಸಾರ್” ಎಂದ. ನನಗೂ ಸಂತೋಷವಾಯಿತು. ವಿಜ್ಞಾನದ ಮೇಷ್ಟ್ರಲ್ಲವೇ, ತಂತ್ರಜ್ಞಾನ ಎಷ್ಟು ಮುಂದುವರಿದಿದೆ ಎಂದುಕೊಂಡೆ. “ಹಳೇ ಕ್ಯಾಸೆಟ್ ಬೇಕಾ ಸಾರ್?” ಎಂದು ಕೇಳಿದ. “ಇನ್ಯಾಕಪ್ಪ, ಬಿಸಾಕು” ಎಂದು ನಾನೇ ಹೇಳಿದೆ.

ಅಂದು ಸಂಜೆ ಅಕ್ಕನನ್ನು ಕರೆದು ಕೂರಿಸಿ ಕೇಳಿಸಿದೆ. ಅಮ್ಮನ ದನಿ ತಿಳಿಯಾಗಿತ್ತು, ನಿಜ. ಆದರೆ ಎಲ್ಲೋ ತೂಗುಬಿದ್ದಂತೆ ಒಂಟಿಯಾಗಿತ್ತು. ಗೂಟ ಹಿಡಿದು ಕಲ್ಲನ್ನು ತಿರುಗಿಸುವಾಗ ಪ್ರತಿ ಸುತ್ತಿಗೂ ಪದದ ಮೇಲೆ ಬೀಳುತ್ತಿದ್ದ ಒತ್ತು, ಸಾಲಿನ ಕೊನೆಯ ಆ ಉಸಿರು, ಎಲ್ಲ ಅರ್ಧಂಬರ್ಧ ಕತ್ತರಿಸಿಹೋಗಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದಳು: “ಕಲ್ಲೆಲ್ಲಿ ಹೋಯ್ತೋ?”

ಓಡಿಹೋಗಿ ಕೇಳಿದೆ. ಅಂಗಡಿಯ ಕಸ ಆಗಲೇ ಹೋಗಿತ್ತು. ಆ ಹುಡುಗನ ತಪ್ಪೇನಿಲ್ಲ. ಅವನ ಕಂಪ್ಯೂಟರಿಗೆ ಕಲ್ಲಿನ ಸದ್ದು ಗದ್ದಲ. ಅದು ಹಾಡಿನ ಶ್ರುತಿಯೂ ಹೌದು, ತಾಳವೂ ಹೌದು ಎಂದು ಹೇಳಬೇಕಾಗಿದ್ದವನು ನಾನು. ಬರ್ಲಿನ್ನಿನ ತಗಡಿನ ಸದ್ದು ಕೇಳಿ “ಬರೀ ಗದ್ದಲ” ಎಂದಾಗ ನನ್ನ ಮಾತು ನನಗೇ ಚುಚ್ಚಿದ್ದು ಇದಕ್ಕೇ.

ನಿಮ್ಮ ಮನೆಯ ಕ್ಯಾಸೆಟ್ಟುಗಳು

ನಿಮ್ಮ ಬೀರುವಿನಲ್ಲೂ ಅಜ್ಜಿಯ ಹಸೆ ಹಾಡು, ತಾತನ ಭಾಗವತಿಕೆ, ತೊದಲುವ ಮಗುವಿನ ಮಾತು ಇರುವ ಕ್ಯಾಸೆಟ್ಟುಗಳು ಇರಬಹುದು. ಅಂಥವನ್ನು ತೇವವಿಲ್ಲದ, ತಂಪಾದ ಕಡೆ, ನೆಟ್ಟಗೆ ನಿಲ್ಲಿಸಿ ಇಡಿ. ಸ್ಪೀಕರು, ಮೋಟಾರುಗಳಂಥ ಆಯಸ್ಕಾಂತವಿರುವ ಸಾಮಾನುಗಳ ಪಕ್ಕ ಬೇಡ. ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕದೆ ತಿಳಿದವರಿಗೆ ತೋರಿಸಿ. ನಕಲು ಮಾಡಿಸುವಾಗ ಮೊದಲು ಇದ್ದದ್ದು ಇದ್ದಂತೆಯೇ ಒಂದು ಪ್ರತಿ ಮಾಡಿಸಿ. ಶುದ್ಧೀಕರಣ ಬೇಕಿದ್ದರೆ ಅದು ಎರಡನೆಯ ಪ್ರತಿಯಲ್ಲಿ ನಡೆಯಲಿ. ಯಾರ ದನಿ, ಯಾವ ಊರು, ಯಾವ ವರ್ಷ, ಹಿಂದೆ ಕೇಳುವ ಸದ್ದು ಯಾವುದು ಎಂದು ಚೀಟಿ ಬರೆದಿಡಿ. ನಕಲಾಯಿತೆಂದು ಮೂಲವನ್ನು ಎಸೆಯಬೇಡಿ.

ಮಕ್ಕಳು ಈ ರಜೆಯಲ್ಲಿ ಈ ಕೆಲಸಕ್ಕೆ ಕೈಹಚ್ಚಬಹುದು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, “ಇದು ಯಾವ ಸದ್ದು?” ಎಂದು ವಿಚಾರಿಸಿ ಬರೆದುಕೊಳ್ಳಿ. ಅದನ್ನು ಹೇಳಬಲ್ಲವರು ಎದುರಿಗಿರುವಾಗಲೇ ಕೇಳಬೇಕು.

ಹಿಂದಿನ ದೀಪಾವಳಿಗೆ ಊರಿಗೆ ಹೋದಾಗ ರಾಗಿಕಲ್ಲು ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು. ಅದನ್ನು ತೊಳೆದು ಒಳಗೆ ತಂದೆವು. ಅಕ್ಕ ಒಂದು ಹಿಡಿ ರಾಗಿ ಹಾಕಿ ಐದು ನಿಮಿಷ ಬೀಸಿದಳು. ಪದ ಹೇಳಲಿಲ್ಲ, ಬರೀ ಕಲ್ಲಿನ ಸದ್ದು. ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಇದನ್ನು ಅಮ್ಮನ ದನಿಗೆ ಜೋಡಿಸಲು ಆಗುವುದಿಲ್ಲ. ಲಯ ಬೇರೆ, ಕೈ ಬೇರೆ. ಆದರೂ ಒಂದು ಚೀಟಿ ಬರೆದು ಆ ಸಿ.ಡಿ.ಯ ಜೊತೆ ಇಟ್ಟಿದ್ದೇನೆ: ‘ಇಲ್ಲಿ ಒಂದು ಕಲ್ಲು ತಿರುಗುತ್ತಿತ್ತು.’